ಸಹಿ ಹಾಕುವ ಮೊದಲು: ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ತಾಯಿಯವರ ಪಿತ್ತಕೋಶದ ಕಲ್ಲಿಗೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಹಿಂದಿನ ರಾತ್ರಿ, ಊಟದ ತಟ್ಟೆ ಎತ್ತಿಕೊಂಡು ಹೋದ ಮೇಲೆ, ವಾರ್ಡಿನ ಸಿಸ್ಟರ್ ಒಂದು ಫೈಲು ತಂದು ನನ್ನ ಕೈಗೆ ಕೊಟ್ಟರು. ಆರು ಹಾಳೆ, ಎಲ್ಲವೂ ಇಂಗ್ಲಿಷಿನಲ್ಲಿ. ಸಹಿ ಬೀಳಬೇಕಾದ ಕಡೆಯಲ್ಲೆಲ್ಲ ಪೆನ್ಸಿಲಿನ ಗುರುತು. ‘ಇಲ್ಲಿ, ಇಲ್ಲಿ, ಆಮೇಲೆ ಕೊನೇ ಪೇಜಲ್ಲಿ ಒಂದು ಸೈನ್ ಹಾಕ್ಬಿಡಿ ಸರ್’ ಎಂದರು. ಮೂವತ್ತೈದು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ನಮ್ಮ ತಾಯಿ, ಎರಡಡಿ ಆಚೆ ಮಂಚದ ಮೇಲೆ, ಕನ್ನಡಕ ಹಾಕಿಕೊಂಡು ಕುಳಿತೇ ಇದ್ದರು. ಹೊಟ್ಟೆ ಅವರದು, ಪಿತ್ತಕೋಶ ಅವರದು. ಫೈಲು ಮಾತ್ರ ಮಗನ ಕೈಗೆ ಬಂದಿತ್ತು. ಎರಡನೆಯ ಹಾಳೆಯಲ್ಲಿ ‘ಸಂಭವನೀಯ ತೊಡಕುಗಳು’ ಎಂಬ ಶೀರ್ಷಿಕೆಯ ಕೆಳಗೆ ನಾಲ್ಕು ಗೆರೆಯಷ್ಟು ಜಾಗ ಖಾಲಿಯಿತ್ತು. ಅದನ್ನು ತುಂಬಬೇಕಾದ ವೈದ್ಯರು ಮನೆಗೆ ಹೋಗಿಯಾಗಿತ್ತು.

ಆ ಸಿಸ್ಟರ್‌ನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನಾವೂ ಅಲ್ಲಿಯವರೆಗೆ ಏನನ್ನೂ ಕೇಳಿರಲಿಲ್ಲ. ಒಪ್ಪಿಗೆ ಎಂದರೆ ಸಹಿ ಎಂದು ಆಸ್ಪತ್ರೆಯೂ ತಿಳಿದಿದೆ, ರೋಗಿಯ ಕಡೆಯವರೂ ತಿಳಿದಿದ್ದಾರೆ. ಕಾನೂನು ಹಾಗೆ ತಿಳಿದಿಲ್ಲ. ಅದರ ದೃಷ್ಟಿಯಲ್ಲಿ ಒಪ್ಪಿಗೆ ಎಂಬುದು ವೈದ್ಯರಿಗೂ ರೋಗಿಗೂ ನಡುವೆ ನಡೆಯುವ ಮಾತುಕತೆ. ಸಹಿ ಆ ಮಾತುಕತೆ ನಡೆಯಿತೆಂಬುದಕ್ಕೆ ಒಂದು ಗುರುತು ಮಾತ್ರ. ಆ ಮಾತುಕತೆಯನ್ನು ಯಾವಾಗ, ಯಾರೊಡನೆ, ಹೇಗೆ ನಡೆಸಬೇಕು ಎಂಬುದನ್ನು ಮುಂದೆ ಹೆಜ್ಜೆ ಹೆಜ್ಜೆಯಾಗಿ ವಿವರಿಸಿದ್ದೇನೆ.

ಈ ಹಕ್ಕಿಗೆ ಆಧಾರ ಯಾವುದು

ಮೊದಲು ತಿಳಿದಿರಬೇಕಾದದ್ದು ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ನೀಡಿದ ಒಂದು ತೀರ್ಪು. 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಮುಟ್ಟಿನ ಅತಿಸ್ರಾವದ ತೊಂದರೆಗಾಗಿ 1995ರಲ್ಲಿ ದೆಹಲಿಯ ಒಂದು ಕ್ಲಿನಿಕ್ಕಿಗೆ ಹೋಗಿದ್ದರು. ಹೊಟ್ಟೆಯೊಳಗೆ ದುರ್ಬೀನು ಹಾಕಿ ಕಾರಣ ಏನೆಂದು ನೋಡುವ ಪರೀಕ್ಷೆಗೆಂದು ಅವರನ್ನು ಅರಿವಳಿಕೆಗೆ ಒಳಪಡಿಸಲಾಯಿತು. ಅವರು ಎಚ್ಚರ ತಪ್ಪಿದ್ದಾಗ ವೈದ್ಯರ ಸಹಾಯಕಿ ಹೊರಗೆ ಬಂದು, ಕಾಯುತ್ತಿದ್ದ ವೃದ್ಧ ತಾಯಿಯಿಂದ ಗರ್ಭಕೋಶ ತೆಗೆಯಲು ಒಪ್ಪಿಗೆ ಪಡೆದರು. ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದದ್ದಾಯಿತು. ಚಿಕಿತ್ಸೆಯು ರೋಗಿಯ ಒಳಿತಿಗೆಂದು ಸದುದ್ದೇಶದಿಂದಲೇ ನಡೆದಿತ್ತು ಎಂದು ಒಪ್ಪಿಕೊಂಡ ಮೇಲೂ ನ್ಯಾಯಾಲಯವು ಆ ವೈದ್ಯರನ್ನು ತಪ್ಪಿತಸ್ಥರೆಂದೇ ಹೇಳಿತು, ಶಸ್ತ್ರಚಿಕಿತ್ಸೆಯ ಶುಲ್ಕಕ್ಕೆ ಅವರು ಅರ್ಹರಲ್ಲ ಎಂದಿತು, ಮತ್ತು 25,000 ರೂಪಾಯಿ ಪರಿಹಾರ ಕೊಡಿಸಿತು. ಪರಿಹಾರದ ಮೊತ್ತ ಸಣ್ಣದು, ನನ್ನ ಮಟ್ಟಿಗೆ ತೀರ ಸಣ್ಣದು. ಆದರೆ ಅಲ್ಲಿ ಹೇಳಿದ ತತ್ವಗಳು ಇಂದಿಗೂ ನಮ್ಮ ಕೈಯಲ್ಲಿರುವ ಮುಖ್ಯ ಆಧಾರ.

ಆ ತತ್ವಗಳ ಪ್ರಕಾರ, ಚಿಕಿತ್ಸೆ ಯಾವ ಬಗೆಯದು ಮತ್ತು ಅದನ್ನು ಹೇಗೆ ಮಾಡುತ್ತಾರೆ, ಅದರ ಉದ್ದೇಶ, ಅದರಿಂದ ಆಗುವ ಅನುಕೂಲ, ಬೇರೆ ದಾರಿಗಳಿದ್ದರೆ ಅವು ಯಾವುವು, ಗಣನೀಯ ಅಪಾಯಗಳೇನು, ಚಿಕಿತ್ಸೆ ಬೇಡವೆಂದರೆ ಏನಾಗಬಹುದು ಎಂಬಿಷ್ಟನ್ನು ವೈದ್ಯರು ಮೊದಲೇ ತಿಳಿಸಬೇಕು. ಲಕ್ಷಕ್ಕೊಬ್ಬರಿಗೆ ಆಗಬಹುದಾದ ದೂರದ ಅಪಾಯಗಳನ್ನೆಲ್ಲ ಪಟ್ಟಿ ಮಾಡಿ ರೋಗಿಯನ್ನು ಹೆದರಿಸಬೇಕೆಂದೇನೂ ಇಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗುವುದಿಲ್ಲ. ಒಂದು ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯ ನೆರಳಿನಲ್ಲಿ ಇನ್ನೊಂದನ್ನು ಮಾಡುವಂತಿಲ್ಲ; ಜೀವ ಉಳಿಸಲು ಅಥವಾ ಆರೋಗ್ಯ ಕಾಪಾಡಲು ಅದು ಅನಿವಾರ್ಯವಾಗಿದ್ದು, ರೋಗಿಗೆ ಎಚ್ಚರ ಬರುವವರೆಗೆ ಕಾಯುವುದು ಅಸಮಂಜಸವೆನಿಸುವ ಸಂದರ್ಭ ಮಾತ್ರ ಇದಕ್ಕೆ ಹೊರತು. ವಯಸ್ಕರಾದ, ಬುದ್ಧಿ ಸ್ಥಿಮಿತದಲ್ಲಿರುವ ರೋಗಿಯ ಬದಲಿಗೆ ತಾಯಿಯಾಗಲಿ ಮತ್ತೊಬ್ಬರಾಗಲಿ ಒಪ್ಪಿಗೆ ಕೊಡಲು ಬರುವುದಿಲ್ಲ.

ವೈದ್ಯರ ವೃತ್ತಿ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಗಳು ಶಸ್ತ್ರಚಿಕಿತ್ಸೆಗೆ ಮೊದಲು ಲಿಖಿತ ಒಪ್ಪಿಗೆ ಪಡೆಯಬೇಕೆನ್ನುತ್ತವೆ. ಯಾರಿಂದ ಎಂಬಲ್ಲಿ ಆ ನಿಯಮದ ವಾಕ್ಯ ಗಂಡ ಅಥವಾ ಹೆಂಡತಿಯಿಂದ ಶುರುವಾಗಿ, ಅಪ್ರಾಪ್ತರ ತಂದೆತಾಯಿ ಅಥವಾ ಪೋಷಕರನ್ನು ದಾಟಿ, ರೋಗಿಯನ್ನು ಕಟ್ಟಕಡೆಗೆ ಹೆಸರಿಸುತ್ತದೆ. ನಮ್ಮ ಮನೆಗಳ ರೂಢಿಯೂ ಅದೇ ಕ್ರಮದ್ದು. ಸುಪ್ರೀಂ ಕೋರ್ಟಿನ ತೀರ್ಪು ಆ ಸಾಲನ್ನು ತಿರುಗಿಸಿ ರೋಗಿಯನ್ನು ಮುಂದೆ ನಿಲ್ಲಿಸಿದೆ ಎಂದು ತಿಳಿದರೆ ಸಾಕು. ಇವಲ್ಲದೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ಕ್ಕೆ 2017ರ ತಿದ್ದುಪಡಿಯಿಂದ ರೋಗಿಗಳ ಹಕ್ಕುಪತ್ರ ಸೇರಿದೆ. ಆಸ್ಪತ್ರೆಯ ನೋಂದಣಿ ಕೌಂಟರಿನ ಪಕ್ಕದ ಗೋಡೆಯ ಮೇಲೆ ಅದು ತೂಗುತ್ತಿದ್ದರೆ, ಟೋಕನ್‌ಗೆ ಕಾಯುವ ಹೊತ್ತಿನಲ್ಲಿ ಒಮ್ಮೆ ಓದಿ.

ಮೊದಲ ಹೆಜ್ಜೆ: ಮಾತು ಓಪಿಡಿಯಲ್ಲೇ ಆಗಲಿ

ಪ್ರಶ್ನೆ ಕೇಳುವ ಕಾಲ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯಲ್ಲ. ‘ಆಪರೇಷನ್ ಮಾಡಬೇಕಾಗುತ್ತೆ’ ಎಂದು ವೈದ್ಯರು ಮೊದಲ ಸಲ ಹೇಳಿದ ದಿನವೇ. ಅಂದು ಮುಂಗಡ ಕಟ್ಟಿರುವುದಿಲ್ಲ, ಕೈಗೆ ಸೂಜಿ ಚುಚ್ಚಿರುವುದಿಲ್ಲ, ಊರಿಂದ ನೆಂಟರು ಬಂದು ಇಳಿದಿರುವುದಿಲ್ಲ. ಇವೆಲ್ಲ ಆದ ಮೇಲೆ ‘ಬೇಡ’ ಎನ್ನುವ ಸ್ವಾತಂತ್ರ್ಯ ಕಾಗದದ ಮೇಲೆ ಉಳಿದಿದ್ದರೂ ಮನಸ್ಸಿನಲ್ಲಿ ಉಳಿದಿರುವುದಿಲ್ಲ.

ಓಪಿಡಿಯ ಬಾಗಿಲಾಚೆ ಇನ್ನೂ ಮೂವತ್ತು ಮಂದಿ ಕಾಯುತ್ತಿರುವಾಗ ವೈದ್ಯರ ಬಳಿ ಸಮಯವಿರುವುದಿಲ್ಲ ಎಂಬುದೂ ನಿಜವೇ. ಆದ್ದರಿಂದ ಪ್ರಶ್ನೆಗಳನ್ನು ಮನೆಯಲ್ಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಹಾಳೆಯನ್ನು ಕೈಯಲ್ಲಿ ಹಿಡಿದೇ ಕುಳಿತುಕೊಳ್ಳಿ. ಬರೆದ ಹಾಳೆ ಕಂಡರೆ ಬಹುಪಾಲು ವೈದ್ಯರು ಉತ್ತರಿಸುತ್ತಾರೆ. ಪುರುಸೊತ್ತಿಲ್ಲದಿದ್ದರೆ ‘ಸಂಜೆ ಬನ್ನಿ’ ಎನ್ನುತ್ತಾರೆ, ಆಗ ಸಂಜೆ ಹೋಗಿ. ಕೇಳಬೇಕಾದದ್ದು ಹೆಚ್ಚೇನಿಲ್ಲ. ಈ ಚಿಕಿತ್ಸೆ ಏತಕ್ಕೆ, ಈಗಲೇ ಏಕೆ. ಮೂರು ತಿಂಗಳು ಬಿಟ್ಟರೆ ಏನಾಗುತ್ತದೆ. ಮಾತ್ರೆಯಿಂದಲೋ ಬೇರೆ ವಿಧಾನದಿಂದಲೋ ಆಗುವುದಿಲ್ಲವೇ. ನಮ್ಮ ವಯಸ್ಸಿಗೆ, ನಮ್ಮ ಸಕ್ಕರೆ ಕಾಯಿಲೆಗೆ ಇರುವ ವಿಶೇಷ ಅಪಾಯವೇನು. ಚಾಕು ಹಿಡಿಯುವವರು ನೀವೇ ಅಥವಾ ಬೇರೆಯವರೇ. ಎಷ್ಟು ದಿನಕ್ಕೆ ಎದ್ದು ಓಡಾಡಬಹುದು. ಒಟ್ಟು ಖರ್ಚು ಎಷ್ಟಾಗಬಹುದು.

ಪಿತ್ತಕೋಶದ ಉದಾಹರಣೆಯನ್ನೇ ನೋಡೋಣ. ಕಲ್ಲು ಇದೆ ಎಂಬುದು ಸ್ಕ್ಯಾನಿಂಗಿನಲ್ಲಿ ಅಕಸ್ಮಾತ್ತಾಗಿ ಕಂಡಿದ್ದು, ಯಾವ ನೋವೂ ಇಲ್ಲದಿದ್ದರೆ, ಬಹುತೇಕ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆ ಕಾದು ನೋಡುವುದೇ ಪದ್ಧತಿ. ನೋವು ಪದೇ ಪದೇ ಬರುತ್ತಿದ್ದರೆ ಮಾತು ಬೇರೆ. ಹೊಟ್ಟೆಯಲ್ಲಿ ಸಣ್ಣ ರಂಧ್ರಗಳ ಮೂಲಕ ಶುರು ಮಾಡಿದ ಶಸ್ತ್ರಚಿಕಿತ್ಸೆಯನ್ನು ಒಳಗಿನ ಊತ, ಅಂಟು, ರಕ್ತಸ್ರಾವದ ಕಾರಣಕ್ಕೆ ಹೊಟ್ಟೆ ಕೊಯ್ದು ಮುಗಿಸಬೇಕಾಗಿ ಬರಬಹುದು. ಹಾಗಾದರೆ ಆಸ್ಪತ್ರೆಯ ದಿನಗಳೂ ಬಿಲ್ಲೂ ಎರಡೂ ಏರುತ್ತವೆ. ಪಿತ್ತನಾಳಕ್ಕೆ ಗಾಯವಾಗುವುದು ಅಪರೂಪ, ಆದರೆ ಆದಾಗ ಗಂಭೀರ. ಈ ಮೂರು ಸಂಗತಿಗಳನ್ನು ಹೇಳಲು ವೈದ್ಯರಿಗೆ ಮೂರು ನಿಮಿಷ ಬೇಕಾಗುವುದಿಲ್ಲ. ನಮಗೆ ಅವು ತಿಳಿದದ್ದು ಮರುದಿನ ಬೆಳಿಗ್ಗೆ, ಖಾಲಿ ಜಾಗವನ್ನು ತೋರಿಸಿ ‘ಇಲ್ಲಿ ಏನು ಬರೆಯುತ್ತೀರಿ ಡಾಕ್ಟ್ರೇ’ ಎಂದು ನಮ್ಮ ತಾಯಿಯವರೇ ಕೇಳಿದ ಮೇಲೆ.

ಉತ್ತರ ಇಂಗ್ಲಿಷಿನಲ್ಲಿ ಬಂದರೆ ‘ಕನ್ನಡದಲ್ಲಿ ಹೇಳಿ’ ಎನ್ನಲು ಸಂಕೋಚ ಬೇಡ. ವೈದ್ಯರಿಗೆ ಕನ್ನಡ ಬಾರದಿದ್ದರೆ, ಬೆಂಗಳೂರಿನಲ್ಲಿ ಅದೂ ಸಾಮಾನ್ಯವೇ, ಕನ್ನಡ ಬಲ್ಲ ಡ್ಯೂಟಿ ಡಾಕ್ಟರನ್ನೋ ಸಿಸ್ಟರನ್ನೋ ಕರೆಸಿ ಎಂದು ಕೇಳಿ. ಕೊನೆಗೆ ನಿಮಗೆ ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ವೈದ್ಯರಿಗೆ ಒಪ್ಪಿಸಿ. ‘ಅಂದರೆ ಎಡಗಡೆಯ ಮಂಡಿ ಮಾತ್ರ, ಬಲಗಡೆಯದು ಆರು ತಿಂಗಳ ಮೇಲೆ, ಅಲ್ಲವೇ’ ಎಂದು ಕೇಳಿದಾಗ ತಪ್ಪು ತಿಳಿವಳಿಕೆ ಅಲ್ಲಿಯೇ ಬಯಲಾಗುತ್ತದೆ.

ಇದೇ ಹೊತ್ತಿನಲ್ಲಿ ನೀವು ಹೇಳಬೇಕಾದದ್ದನ್ನೂ ಬಚ್ಚಿಡದೆ ಹೇಳಿ: ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ, ಹಳೆಯ ಅಲರ್ಜಿ, ಹಿಂದಿನ ಶಸ್ತ್ರಚಿಕಿತ್ಸೆ, ಕುಡಿತ, ಬೀಡಿ ಸಿಗರೇಟು, ನಾಟಿ ಔಷಧಿ. ರೋಗಿ ಮುಚ್ಚಿಟ್ಟ ಸಂಗತಿಯಿಂದ ಹುಟ್ಟಿದ ಅಪಾಯಕ್ಕೆ ವೈದ್ಯರನ್ನು ಹೊಣೆ ಮಾಡುವುದು ಕಷ್ಟ.

ಎರಡನೆಯ ಹೆಜ್ಜೆ: ತುರ್ತು ಎಷ್ಟು ಎಂಬುದನ್ನು ಬಿಡಿಸಿಕೊಳ್ಳಿ

‘ಅರ್ಜೆಂಟ್’ ಎಂಬ ಪದ ಆಸ್ಪತ್ರೆಯಲ್ಲಿ ನಿಮಿಷಗಳಿಗೂ ಬಳಕೆಯಾಗುತ್ತದೆ, ವಾರಗಳಿಗೂ ಬಳಕೆಯಾಗುತ್ತದೆ. ನಿಜವಾದ ತುರ್ತಿನಲ್ಲಿ, ಅಂದರೆ ಅಪಘಾತವಾಗಿ ಎಚ್ಚರ ತಪ್ಪಿದಾಗ, ಕಾಯುವುದರಿಂದ ಜೀವಕ್ಕೆ ಅಪಾಯವಿದ್ದು ಒಪ್ಪಿಗೆ ಕೊಡುವವರು ಯಾರೂ ಹತ್ತಿರದಲ್ಲಿಲ್ಲದಾಗ, ವೈದ್ಯರು ಒಪ್ಪಿಗೆ ಇಲ್ಲದೆಯೇ ಚಿಕಿತ್ಸೆ ಮಾಡಬಹುದು. ದೇಶದ ಅಪರಾಧ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 30ನೆಯ ಸೆಕ್ಷನ್ ಅದಕ್ಕೆ ರಕ್ಷಣೆ ಕೊಡುತ್ತದೆ. ಅಂಥಲ್ಲಿ ಫಾರಂ ಹಿಡಿದು ವಾದಕ್ಕೆ ನಿಲ್ಲಬಾರದು.

ಕಷ್ಟ ಬರುವುದು ನಡುವಿನ ಸಂದರ್ಭಗಳಲ್ಲಿ, ಮತ್ತು ನಮ್ಮ ಊರಿನಲ್ಲಿ ಅದಕ್ಕೆ ಅತಿ ಪರಿಚಿತ ಉದಾಹರಣೆ ಹೃದಯದ ಆಂಜಿಯೋಗ್ರಾಂ. ರೋಗಿ ಮೇಜಿನ ಮೇಲೆ ಮಲಗಿದ್ದಾರೆ, ತೊಡೆಯ ಅಥವಾ ಮಣಿಕಟ್ಟಿನ ರಕ್ತನಾಳದೊಳಗೆ ಕೊಳವೆ ಹೋಗಿದೆ, ಹೊರಗೆ ನಿಂತ ಮಗಳನ್ನು ಒಳಗೆ ಕರೆದು ಪರದೆಯ ಮೇಲೆ ಅಡಚಣೆ ತೋರಿಸಿ, ‘ಎಂಬತ್ತು ಪರ್ಸೆಂಟ್ ಬ್ಲಾಕ್ ಇದೆ, ಸ್ಟೆಂಟ್ ಹಾಕೋದಾ, ಈಗಲೇ ಹೇಳಿ’ ಎಂದು ಕೇಳುತ್ತಾರೆ. ಹೃದಯಾಘಾತವಾಗಿ ಬಂದ ರೋಗಿಯಾದರೆ ಅದು ಸರಿಯಾದ ಪ್ರಶ್ನೆಯೇ, ಅಲ್ಲಿ ನಿಮಿಷ ನಿಮಿಷವೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಆದರೆ ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದೆ ಎಂದು ತಾವೇ ನಡೆದುಕೊಂಡು ಬಂದವರಲ್ಲಿ ಸಾಮಾನ್ಯವಾಗಿ ಯೋಚಿಸಲು ಸಮಯವಿರುತ್ತದೆ. ಮಾತ್ರೆ, ಸ್ಟೆಂಟ್, ಬೈಪಾಸ್ ಈ ಮೂರರಲ್ಲಿ ಯಾವುದು ಎಂಬುದು ಕುಳಿತು ಮಾತಾಡಿ ತೀರ್ಮಾನಿಸಬೇಕಾದ ವಿಷಯ. ಎರಡನೆಯ ಸಲ ರಕ್ತನಾಳಕ್ಕೆ ಕೊಳವೆ ಹಾಕಬೇಕಾಗುತ್ತದೆ, ಖರ್ಚೂ ಹೆಚ್ಚುತ್ತದೆ ಎಂಬ ವೈದ್ಯರ ಮಾತಿನಲ್ಲಿ ಸತ್ಯವಿದೆ. ಹಾಗಾಗಿ ಈ ಮಾತನ್ನು ಆಂಜಿಯೋಗ್ರಾಂಗೆ ಒಪ್ಪುವ ಮೊದಲೇ ಮುಗಿಸಿಬಿಡಿ: ಅಡಚಣೆ ಕಂಡರೆ ಅಲ್ಲಿಯೇ ಸ್ಟೆಂಟ್ ಹಾಕಬೇಕೆ, ಅಥವಾ ಪರೀಕ್ಷೆ ಮಾತ್ರ ಮುಗಿಸಿ ಹೊರಗೆ ಕಳಿಸಬೇಕೆ ಎಂಬುದನ್ನು ರೋಗಿಯೇ ತೀರ್ಮಾನಿಸಿ, ಆ ತೀರ್ಮಾನವನ್ನು ಒಪ್ಪಿಗೆ ಪತ್ರದಲ್ಲಿ ಬರೆಸಬೇಕು. ಮುಂಚೆಯೇ ಊಹಿಸಬಹುದಾದ ಹೆಚ್ಚುವರಿ ಚಿಕಿತ್ಸೆಯನ್ನು ಹೆಸರಿಸಿ ಒಂದೇ ಪತ್ರದಲ್ಲಿ ಒಪ್ಪಿಗೆ ಪಡೆಯಲು 2008ರ ತೀರ್ಪು ಅವಕಾಶ ಕೊಟ್ಟಿದೆ.

ವೈದ್ಯರನ್ನು ಹೀಗೆ ಕೇಳಿ: ‘ಇದು ಇವತ್ತೇ ಆಗಬೇಕೆ, ಈ ವಾರ ಆದರೆ ಸಾಕೆ, ಈ ತಿಂಗಳು ಆದರೆ ಸಾಕೆ?’ ಬರುವ ಉತ್ತರದ ಮೇಲೆ ಉಳಿದ ಹೆಜ್ಜೆಗಳ ವೇಗ ನಿಂತಿದೆ.

ಮೂರನೆಯ ಹೆಜ್ಜೆ: ಇನ್ನೊಬ್ಬ ವೈದ್ಯರ ಅಭಿಪ್ರಾಯ ಮತ್ತು ಖರ್ಚಿನ ಅಂದಾಜು

ಸಮಯವಿದ್ದರೆ ಇನ್ನೊಬ್ಬರಿಗೆ ತೋರಿಸಿ. ವೈದ್ಯರಿಗೆ ಬೇಸರವಾಗುತ್ತದೆಂಬ ಭಯದಿಂದಲೇ ಅನೇಕರು ಈ ಹೆಜ್ಜೆಯನ್ನು ಬಿಡುತ್ತಾರೆ. ಎರಡನೆಯ ಅಭಿಪ್ರಾಯ ಪಡೆಯುವುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲಿ ಸೇರಿರುವ ಹಕ್ಕು, ಮತ್ತು ಅದಕ್ಕೆ ಬೇಕಾದ ರಿಪೋರ್ಟುಗಳನ್ನು ಕೊಡುವುದು ಆಸ್ಪತ್ರೆಯ ಕೆಲಸ. ರಿಪೋರ್ಟಿನ ಹಾಳೆಯಷ್ಟೇ ಸಾಲದು. ಎಂಆರ್‌ಐ, ಸಿಟಿ, ಆಂಜಿಯೋಗ್ರಾಂಗಳ ಫಿಲ್ಮ್ ಅಥವಾ ಸಿಡಿಯನ್ನೂ ಪಡೆಯಿರಿ, ಏಕೆಂದರೆ ಎರಡನೆಯ ವೈದ್ಯರು ಚಿತ್ರವನ್ನು ತಾವೇ ನೋಡಲು ಬಯಸುತ್ತಾರೆ. ಬೆಂಗಳೂರಿನವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ಮಿದುಳು ನರಗಳಿಗೆ ನಿಮ್ಹಾನ್ಸ್, ಕಣ್ಣಿಗೆ ಮಿಂಟೋ ಹೀಗೆ ಸರ್ಕಾರದ ಆಶ್ರಯದ ದೊಡ್ಡ ಸಂಸ್ಥೆಗಳು ನಗರದಲ್ಲೇ ಇವೆ. ಅರ್ಧ ದಿನದ ಸರದಿಗೆ ಸಿದ್ಧವಾಗಿ ಹೋಗಬೇಕು, ಅಷ್ಟೇ.

ಖರ್ಚಿನ ಅಂದಾಜನ್ನು ಬರವಣಿಗೆಯಲ್ಲಿ ಕೇಳಿ. ಕೊಠಡಿಯ ದರ್ಜೆ ಬದಲಾದರೆ ಶಸ್ತ್ರಚಿಕಿತ್ಸೆಯ ಶುಲ್ಕವೂ ಬದಲಾಗುವ ಆಸ್ಪತ್ರೆಗಳಿವೆ. ಇಂಪ್ಲಾಂಟ್, ಐಸಿಯು ದಿನಗಳು, ರಕ್ತ ಇವು ಪ್ಯಾಕೇಜಿನ ಒಳಗೆ ಬರುತ್ತವೆಯೇ ಎಂಬುದನ್ನು ಬಿಲ್ಲಿಂಗ್ ಕೌಂಟರಿನಲ್ಲಿ ಬಿಡಿಸಿ ಕೇಳಬೇಕು. ಹೃದಯದ ಸ್ಟೆಂಟ್ ಮತ್ತು ಮಂಡಿ ಇಂಪ್ಲಾಂಟುಗಳ ಬೆಲೆಗೆ ಕೇಂದ್ರ ಸರ್ಕಾರ 2017ರಿಂದ ಮಿತಿ ಹಾಕಿದೆ.

ನಾಲ್ಕನೆಯ ಹೆಜ್ಜೆ: ಒಪ್ಪಿಗೆ ಪತ್ರವನ್ನು ಓದುವ ಬಗೆ

ಫೈಲು ಬಂದ ಕೂಡಲೇ ಅದನ್ನು ರೋಗಿಯ ಕೈಗೆ ಕೊಡಿ. ಜೊತೆಗಿರುವವರ ಕೆಲಸ ಓದಿ ಹೇಳುವುದು ಮತ್ತು ಸಾಕ್ಷಿ ನಿಲ್ಲುವುದು. ರೋಗಿಗೆ ಓದಲು ಬಾರದಿದ್ದರೆ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿಸಿ, ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ಮನೆಯವರೊಬ್ಬರ ಸಾಕ್ಷಿ ಸಹಿ ಇರಲಿ. ಆಸ್ಪತ್ರೆಯ ಸಿಬ್ಬಂದಿಯೇ ಸಾಕ್ಷಿಯಾದ ಪತ್ರಕ್ಕೆ ಮುಂದೆ ತೂಕ ಕಡಿಮೆ.

ಕನ್ನಡದ ಪ್ರತಿ ಇದೆಯೇ ಎಂದು ಕೇಳಿ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಆಸ್ಪತ್ರೆಗಳು ರೋಗಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪಡೆಯಬೇಕು. ಕನ್ನಡದ ಫಾರಂ ಕಪಾಟಿನಲ್ಲಿದ್ದೂ ಇಂಗ್ಲಿಷಿನದೇ ಕೈಗೆ ಬರುವುದನ್ನು ನಾನು ಕಂಡಿದ್ದೇನೆ. ಕೇಳಿದ ಹತ್ತು ನಿಮಿಷದಲ್ಲಿ ಅದು ಹೊರಗೆ ಬಂತು. ಗರ್ಭಜಲ ಪರೀಕ್ಷೆಯಂಥ ಪ್ರಸವಪೂರ್ವ ಪರೀಕ್ಷೆಗಳ ವಿಷಯದಲ್ಲಂತೂ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯೇ, ಆ ಮಹಿಳೆಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು ಅದರ ಪ್ರತಿಯನ್ನು ಆಕೆಗೆ ಕೊಡಬೇಕೆಂದು ಹೇಳಿದೆ.

ಓದುವಾಗ ಕಣ್ಣು ಮೊದಲು ಹೋಗಬೇಕಾದದ್ದು ಶಸ್ತ್ರಚಿಕಿತ್ಸೆಯ ಹೆಸರಿಗೆ ಮತ್ತು ಯಾವ ಕಡೆ ಎಂಬುದಕ್ಕೆ: ಎಡಗಣ್ಣೋ ಬಲಗಣ್ಣೋ, ಯಾವ ಮಂಡಿ, ಯಾವ ಮೂತ್ರಪಿಂಡ. ಆಮೇಲೆ ಶಸ್ತ್ರಚಿಕಿತ್ಸಕರ ಹೆಸರು. ವಿಕ್ಟೋರಿಯಾ, ವಾಣಿವಿಲಾಸಗಳಂಥ ಬೋಧನಾ ಆಸ್ಪತ್ರೆಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಭಾಗವಹಿಸುವುದು ಸಹಜ, ಆದರೆ ಮೇಲ್ವಿಚಾರಣೆ ಯಾರದು ಎಂದು ಕೇಳುವುದರಲ್ಲಿ ತಪ್ಪಿಲ್ಲ. ಖಾಲಿ ಜಾಗಗಳು ತುಂಬುವವರೆಗೆ ಸಹಿ ಹಾಕಬೇಡಿ. ತುಂಬಲು ಏನೂ ಇಲ್ಲವೆಂದರೆ ಆ ಜಾಗಕ್ಕೆ ಅಡ್ಡಗೆರೆ ಎಳೆಯಿರಿ. ಸಹಿಯ ಪಕ್ಕದಲ್ಲಿ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆಯಿರಿ. ರಾತ್ರಿ ಒಂಬತ್ತಕ್ಕೆ ಹಾಕಿದ ಸಹಿಯೋ, ಬೆಳಿಗ್ಗೆ ಸ್ಟ್ರೆಚರ್ ತಳ್ಳುವಾಗ ಹಾಕಿಸಿಕೊಂಡದ್ದೋ ಎಂಬುದು ಮುಂದೆ ಮುಖ್ಯವಾಗಬಹುದು.

ಎರಡು ಬಗೆಯ ಸಾಲುಗಳನ್ನು ಎಚ್ಚರದಿಂದ ನೋಡಿ. ‘ಅಗತ್ಯವೆಂದು ಕಂಡ ಯಾವುದೇ ಚಿಕಿತ್ಸೆಗೆ ನನ್ನ ಒಪ್ಪಿಗೆ ಇದೆ’ ಎಂಬುದು ಮೊದಲನೆಯದು. ಅದರ ಪಕ್ಕದಲ್ಲಿ ನಿಮ್ಮ ಕೈಬರಹದಲ್ಲಿ, ಕನ್ನಡದಲ್ಲೇ, ‘ಪಿತ್ತಕೋಶ ತೆಗೆಯುವುದಕ್ಕೆ, ಅಗತ್ಯಬಿದ್ದರೆ ಹೊಟ್ಟೆ ತೆರೆದು ಅದನ್ನು ಮುಗಿಸುವುದಕ್ಕೆ ಮಾತ್ರ, ಬೇರೇನಿದ್ದರೂ ನನ್ನನ್ನು ಕೇಳಬೇಕು’ ಎಂದು ಬರೆಯಬಹುದು. ನಮ್ಮ ತಾಯಿ ಹಾಗೆಯೇ ಬರೆದರು, ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ. ಶಸ್ತ್ರಚಿಕಿತ್ಸಕರು ಓದಿ, ನಕ್ಕು, ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಎರಡನೆಯದು ‘ಏನೇ ಆದರೂ ಆಸ್ಪತ್ರೆ ಹೊಣೆಯಲ್ಲ’ ಎಂಬ ಸಾಲು. ಅದನ್ನು ಕಂಡು ಹೆದರುವ ಅಗತ್ಯವಿಲ್ಲ. ರೋಗಿ ಒಪ್ಪುವುದು ಚಿಕಿತ್ಸೆಯಲ್ಲಿ ಸಹಜವಾಗಿರುವ ಅಪಾಯಗಳಿಗೆ. ನಿರ್ಲಕ್ಷ್ಯಕ್ಕೆ ಯಾರೂ ಒಪ್ಪಿಗೆ ಕೊಟ್ಟಿರುವುದಿಲ್ಲ, ಮತ್ತು ಅಂಥ ಸಾಲಿನಿಂದ ನಿರ್ಲಕ್ಷ್ಯದ ಹೊಣೆ ಅಳಿದುಹೋಗುವುದಿಲ್ಲ.

ಕೊನೆಗೆ ಪತ್ರದ ಪ್ರತಿ ಕೇಳಿ. ಕೊಡಲು ಸತಾಯಿಸಿದರೆ ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ.

ಐದನೆಯ ಹೆಜ್ಜೆ: ಅರಿವಳಿಕೆಗೆ ಬೇರೆಯೇ ಮಾತು

ಅರಿವಳಿಕೆಯ ಒಪ್ಪಿಗೆ ಪತ್ರ ಪ್ರತ್ಯೇಕವಾಗಿರುವುದು ಸುಮ್ಮನೆ ಅಲ್ಲ. ಅದರ ಅಪಾಯಗಳು ಬೇರೆ, ಹೊಣೆ ಹೊತ್ತ ವೈದ್ಯರೂ ಬೇರೆ. ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ತಜ್ಞರು ಬಂದು ತಪಾಸಣೆ ಮಾಡುತ್ತಾರೆ. ಬಾಯಿ ತೆರೆಸಿ, ಕತ್ತು ಎತ್ತಿಸಿ, ‘ಅಲುಗಾಡುವ ಹಲ್ಲು ಇದೆಯೇ, ಕಟ್ಟಿಸಿದ ಹಲ್ಲು ಇದೆಯೇ’ ಎಂದು ಕೇಳುತ್ತಾರೆ. ಉಸಿರಿನ ಕೊಳವೆ ಹಾಕುವಾಗ ಸಡಿಲ ಹಲ್ಲು ಕಿತ್ತು ಒಳಗೆ ಬೀಳಬಹುದೆಂಬುದು ಆ ಪ್ರಶ್ನೆಯ ಹಿಂದಿರುವ ಕಾರಣ, ಆದ್ದರಿಂದ ನಾಚಿಕೆಪಟ್ಟು ಇಲ್ಲವೆನ್ನಬೇಡಿ. ಪೂರ್ತಿ ಎಚ್ಚರ ತಪ್ಪಿಸುತ್ತಾರೋ, ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುತ್ತಾರೋ, ಎರಡೂ ಸಾಧ್ಯವಿದ್ದರೆ ಇದನ್ನೇ ಏಕೆ ಆರಿಸಿದರು ಎಂದು ಅವರನ್ನೇ ಕೇಳಿ. ರಕ್ತ ಕೊಡಬೇಕಾಗಿ ಬಂದರೆ ಅದಕ್ಕೂ ಬೇರೆ ಒಪ್ಪಿಗೆ ಇರುತ್ತದೆ.

ಒಪ್ಪಿಗೆ ಹಿಂತೆಗೆದುಕೊಳ್ಳುವುದು

ಸಹಿ ಹಾಕಿದ ಮೇಲೂ ಚಿಕಿತ್ಸೆ ಶುರುವಾಗುವವರೆಗೆ ಬೇಡವೆನ್ನಬಹುದು. ಬೇಡವೆಂದರೆ ಏನಾಗಬಹುದೆಂಬುದನ್ನು ವೈದ್ಯರು ವಿವರಿಸಿ ಬರೆಸಿಕೊಳ್ಳುತ್ತಾರೆ, ಅದು ಅವರ ಕರ್ತವ್ಯವೂ ಹೌದು, ರಕ್ಷಣೆಯೂ ಹೌದು. ವೈದ್ಯರ ಸಲಹೆಗೆ ವಿರುದ್ಧವಾಗಿ ಮನೆಗೆ ಹೊರಟಾಗಲೂ ಡಿಸ್ಚಾರ್ಜ್ ಸಮ್ಮರಿ ಮತ್ತು ರಿಪೋರ್ಟುಗಳನ್ನು ಪಡೆದೇ ಹೊರಡಿ.

ಮಕ್ಕಳು, ಹಿರಿಯರು, ಇನ್ನು ಕೆಲವು ಸಂದರ್ಭಗಳು

18 ತುಂಬದವರ ಪರವಾಗಿ ತಂದೆತಾಯಿ ಅಥವಾ ಪೋಷಕರು ಒಪ್ಪಿಗೆ ಕೊಡುತ್ತಾರೆ. ಆದರೂ ಹದಿನೈದರ ಹುಡುಗಿಗೆ ಅವಳ ದೇಹಕ್ಕೆ ಏನು ಮಾಡುತ್ತಾರೆಂದು ಹೇಳದೆ ಥಿಯೇಟರಿಗೆ ಕಳಿಸುವುದು ಸರಿಯಲ್ಲ ಎಂಬುದಕ್ಕೆ ಕಾನೂನಿನ ಸೆಕ್ಷನ್ ಬೇಕಾಗಿಲ್ಲ.

ಹಿರಿಯರ ವಿಷಯದಲ್ಲಿ ನಾವು ಹೆಚ್ಚು ತಪ್ಪುತ್ತೇವೆ. ‘ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ’ ಎಂದು ಮಕ್ಕಳು ಬಾಗಿಲಲ್ಲೇ ಗುಟ್ಟಾಗಿ ಹೇಳುವುದು ಪ್ರೀತಿಯಿಂದಲೇ. ಆದರೆ ಹೀಗೆ ಮುಚ್ಚಿಟ್ಟು ಅಪ್ಪನಿಂದ ಕೀಮೋಗೆ ಪಡೆದ ಸಹಿ ಒಪ್ಪಿಗೆಯಾಗುವುದಿಲ್ಲ. ಎಷ್ಟು ತಿಳಿಯಬೇಕೆಂದು ಅಪ್ಪನನ್ನೇ ಕೇಳಿ. ‘ನನಗೆ ವಿವರ ಬೇಡ, ಮಗಳಿಗೆ ಹೇಳಿ’ ಎಂದು ಅವರೇ ಹೇಳಿದರೆ ಅದು ಅವರ ತೀರ್ಮಾನ, ಅದನ್ನು ಕೇಸ್ ಶೀಟಿನಲ್ಲಿ ಬರೆಸಿ. ಮುಂದೆ ತಾವು ಮಾತಾಡಲಾಗದ ಸ್ಥಿತಿ ಬಂದರೆ ಕೃತಕ ಉಸಿರಾಟ ಮುಂದುವರಿಸಬೇಕೆ ಬೇಡವೆ ಎಂಬುದನ್ನು ಈಗಲೇ ಬರೆದಿಡಲೂ ಅವಕಾಶವಿದೆ. 2023ರಲ್ಲಿ ಸುಪ್ರೀಂ ಕೋರ್ಟ್ ಸರಳಗೊಳಿಸಿದ ವಿಧಾನದಂತೆ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದರ ಜಾರಿಗೆ ಆದೇಶ ಹೊರಡಿಸಿದೆ.

ಗರ್ಭಪಾತಕ್ಕೆ 18 ತುಂಬಿದ, ಮಾನಸಿಕವಾಗಿ ಸ್ವಸ್ಥಳಾದ ಮಹಿಳೆಯ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕೆಂದು 1971ರ ಕಾಯ್ದೆ ಎಲ್ಲಿಯೂ ಕೇಳುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚಿನ ರಕ್ತಪರೀಕ್ಷೆಗಳ ಪಟ್ಟಿಯಲ್ಲಿ ಸದ್ದಿಲ್ಲದೆ ಸೇರಿರುವ ಎಚ್‌ಐವಿ ಪರೀಕ್ಷೆಗೂ 2017ರ ಕಾಯ್ದೆಯಂತೆ ರೋಗಿಯ ತಿಳಿವಳಿಕೆಯ ಒಪ್ಪಿಗೆ ಬೇಕು. ಮಾನಸಿಕ ಆರೋಗ್ಯ ಕಾಯ್ದೆ 2017 ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನು ನಿಷೇಧಿಸಿದೆ. ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸಿಕೊಳ್ಳುವುದಾದರೆ ಅದಕ್ಕೆ ಚಿಕಿತ್ಸೆಯ ಒಪ್ಪಿಗೆಯಿಂದ ಪ್ರತ್ಯೇಕವಾದ ಒಪ್ಪಿಗೆ ಬೇಕು. ಸೇರಲು ಒಲ್ಲೆನೆಂದ ಕಾರಣಕ್ಕೆ ಮಾಮೂಲಿ ಚಿಕಿತ್ಸೆಯನ್ನು ತಡೆಯುವಂತಿಲ್ಲ.

ಹಕ್ಕು ಮುರಿದಾಗ ಎಲ್ಲಿಗೆ ಹೋಗಬೇಕು

ಮೊದಲು ದಾಖಲೆ ಕೈಗೆ ಬರಲಿ. ಒಪ್ಪಿಗೆ ಪತ್ರಗಳು, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಅರಿವಳಿಕೆಯ ದಾಖಲೆ, ಸಿಸ್ಟರುಗಳ ದಿನಚರಿ ಎಲ್ಲವನ್ನೂ ಹೆಸರಿಸಿ, ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 2002ರ ನಿಯಮದಂತೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಅವರು ಇಟ್ಟಿರಬೇಕಾದ ಅವಧಿ ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಮಾತ್ರ ಆದ್ದರಿಂದ ತಡ ಮಾಡಬಾರದು. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ಅರ್ಜಿಯ ದಾರಿಯೂ ಇದೆ.

ದೂರಿನ ದಾರಿಗಳು ಮೂರು, ಒಂದೊಂದರಿಂದ ಸಿಗುವುದು ಬೇರೆ ಬೇರೆ. ವೈದ್ಯರ ವೃತ್ತಿ ನಡವಳಿಕೆಯ ಬಗ್ಗೆ ದೂರಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಹೋಗಬೇಕು. ಅದು ಎಚ್ಚರಿಕೆ ಕೊಡಬಹುದು, ನೋಂದಣಿಯನ್ನು ಅಮಾನತು ಮಾಡಬಹುದು, ಆದರೆ ಹಣದ ಪರಿಹಾರ ಕೊಡಿಸುವುದಿಲ್ಲ. ಖಾಸಗಿ ಆಸ್ಪತ್ರೆ ರೋಗಿಗಳ ಹಕ್ಕುಪತ್ರವನ್ನು ಮುರಿದಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಬರೆಯಬೇಕು. ಪರಿಹಾರ ಬೇಕೆಂದರೆ ಗ್ರಾಹಕರ ಆಯೋಗ. ಆಸ್ಪತ್ರೆಗೆ ಪಾವತಿಸಿದ ಮೊತ್ತ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬೇಕು, 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ, ವಕೀಲರಿಲ್ಲದೆ ತಾವೇ ವಾದಿಸಲೂಬಹುದು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಮಾತ್ರ, 1995ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಈ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ಪೊಲೀಸ್ ಠಾಣೆಯನ್ನು ಮೊದಲ ದಾರಿಯಾಗಿ ನಾನು ಸೂಚಿಸುವುದಿಲ್ಲ. ವೈದ್ಯಕೀಯ ನಿರ್ಲಕ್ಷ್ಯದ ಕ್ರಿಮಿನಲ್ ಪ್ರಕರಣ ಮುಂದುವರಿಯಲು ಬೇರೆ ವೈದ್ಯರ ಸ್ವತಂತ್ರ ಅಭಿಪ್ರಾಯ ಬೇಕೆಂದು 2005ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಗ್ರಾಹಕರ ಆಯೋಗದ ಮುಂದೆ ಹೋಗುವವರು ಒಂದು ಸಂಗತಿಯನ್ನು ಬಿಡಿಸಿ ಬರೆಯಬೇಕು. ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಯಿತು ಎಂಬುದು ಒಂದು ದೂರು, ಒಪ್ಪಿಗೆ ಇಲ್ಲದೆ ಚಿಕಿತ್ಸೆ ನಡೆಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ತಜ್ಞರ ಅಭಿಪ್ರಾಯ ಬೇಕಾಗುವುದೇ ಹೆಚ್ಚು; ಎರಡನೆಯದನ್ನು ಒಪ್ಪಿಗೆ ಪತ್ರವೇ ಬಹುಪಾಲು ಹೇಳಿಬಿಡುತ್ತದೆ, ಅದರಲ್ಲಿರುವ ಖಾಲಿ ಜಾಗ, ಹೊಂದದ ದಿನಾಂಕ, ರೋಗಿಯ ಬದಲು ಬೇರೆಯವರ ಸಹಿ ಇವೆಲ್ಲ ಸಾಕ್ಷ್ಯವೇ. ಎರಡನ್ನೂ ಒಂದೇ ದೂರಿನಲ್ಲಿ, ಬೇರೆ ಬೇರೆ ಅಂಶಗಳಾಗಿ ಬರೆಯಿರಿ. ದೂರು ಸಲ್ಲಿಸಲು ಇರುವ ಕಾಲ ಘಟನೆಯಿಂದ ಎರಡು ವರ್ಷ.